ಮನೆಯಂಗಳದಲ್ಲಿ ಬಣ್ಣದ ಕಾಯಕ



ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ ಹಳೆಯ ಹೊಲಿಗೆ ಯಂತ್ರವನ್ನು ಮನೆಯಲ್ಲಿಯೇ ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಮತ್ತೆ ನಡೆಸುವ ಬಗೆಯನ್ನು ಕುರಿತು ಬರೆದಿದ್ದೆನು. ಅದನ್ನೋದಿದ ರಾಣೆಬೆನ್ನೂರಿನ ಸಹೋದರರೊಬ್ಬರು ಪತ್ರ ಬರೆದಿದ್ದಾರೆ. ಅವರ ತಂದೆಯವರ ಕಾಲದ ಕಾರೊಂದು ಮನೆಯ ಮುಂದೆ ಬಣ್ಣಗೆಟ್ಟು ನಿಂತಿದೆಯಂತೆ. ಗ್ಯಾರೇಜಿನವರು ಕೇಳುವ ಮೊತ್ತ ಅವರ ಕೈಗೆ ನಿಲುಕುವಂತಿಲ್ಲ. ಗಾಳಿಯಂತ್ರದಿಂದ ಬಣ್ಣ ಸಿಂಪಡಿಸುವ ಕೆಲಸವನ್ನು ಮನೆಯಲ್ಲಿಯೇ ಕಲಿತು ಮಾಡಬಹುದೇ ಎಂಬುದು ಅವರ ಪ್ರಶ್ನೆ.

ಮಾಡಬಹುದು. ಆದರೆ ಎಲ್ಲ ಬಗೆಯ ಬಣ್ಣವನ್ನೂ ಅಲ್ಲ. ಈ ಮಾತನ್ನು ನಾನು ಪುಸ್ತಕದಿಂದ ಎತ್ತಿ ಹೇಳುತ್ತಿಲ್ಲ. ನಮ್ಮ ಮನೆಯ ಅಂಗಳದಲ್ಲಿ, ನನ್ನ ಮಗಳ ಕೈಯಿಂದ ಆದ ಕೆಲಸದ ಅನುಭವದಿಂದ ಹೇಳುತ್ತಿದ್ದೇನೆ.

ಮೊದಲು ಒಂದು ಮಾತು. ಧಾರ್ಮಿಕ ಕುಟುಂಬಗಳು ಓದುವ ಮಾಸಿಕದಲ್ಲಿ ಕಾರಿನ ಬಣ್ಣದ ಮಾತೇಕೆ ಎಂದು ಕೆಲವರು ಹುಬ್ಬೇರಿಸಿಯಾರು. ಮಡಿವಾಳ ಮಾಚಿದೇವರು ಬಟ್ಟೆ ಒಗೆದರು, ಮೇದಾರ ಕೇತಯ್ಯನವರು ಬುಟ್ಟಿ ಹೆಣೆದರು, ನುಲಿಯ ಚಂದಯ್ಯನವರು ಹಗ್ಗ ಹೊಸೆದರು ಎಂದು ವೇದಿಕೆಯ ಮೇಲೆ ನಿಂತು ಹೇಳುತ್ತೇವೆ. ಕೆಳಗಿಳಿದು ಬಂದ ಮೇಲೆ ಕೈ ಕರಿದಾಗುವ ಕೆಲಸ ಮಾಡುವವನ ಕೂಲಿಯನ್ನು ಚೌಕಾಸಿ ಮಾಡುತ್ತೇವೆ. ನಾನೂ ಹಾಗೆಯೇ ಮಾಡಿದವನು. ಒಂದು ಬಾಗಿಲನ್ನು ಉಜ್ಜಿ ನಯಗೊಳಿಸಲು ನಾಲ್ಕು ದಿನ ಹಿಡಿದ ಮೇಲೆ ಆ ಚಟ ನನ್ನನ್ನು ಬಿಟ್ಟಿತು.

ನಮ್ಮ ತಂದೆಯವರು 1986ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ನಮ್ಮಲ್ಲಿದೆ. ಪ್ರತಿ ವರ್ಷ ಅದರಲ್ಲಿ ಮನೆಮಂದಿಯೆಲ್ಲ ಒತ್ತಿಕೊಂಡು ಕುಳಿತು ಕೂಡಲಸಂಗಮಕ್ಕೆ ಹೋಗಿಬರುತ್ತಿದ್ದೆವು. ತಂದೆಯವರು ಲಿಂಗೈಕ್ಯರಾದ ಮೇಲೆ ಕಾರು ಹುಬ್ಬಳ್ಳಿಯ ನಮ್ಮ ಮನೆಯ ಹಿತ್ತಲಿನ ಬೇವಿನ ಮರದ ಕೆಳಗೆ ನಿಂತಿತು. ಗುಜರಿಗೆ ಕೊಟ್ಟುಬಿಡೋಣವೆಂದು ನಾನು ಎರಡು ಬಾರಿ ಮಾತಾಡಿ ಮುಗಿಸಿದ್ದೆ. ಎರಡು ಬಾರಿಯೂ ನಮ್ಮ ತಾಯಿಯವರು ಆ ದಿನ ಊಟ ಮಾಡಲಿಲ್ಲ. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಬೀದಿಗಳಿಂದ ಪದ್ಮಿನಿ ಟ್ಯಾಕ್ಸಿಗಳು ನಿವೃತ್ತಿಯಾದ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರುವ ಮುನ್ನ ಕೆಲವು ತಿಂಗಳು ಮನೆಯಲ್ಲಿದ್ದ ಮಗಳು ಅದನ್ನೋದಿ, "ಅಪ್ಪಾಜಿ, ಅಜ್ಜಾ ಅವರ ಕಾರಿಗೆ ನಾನೇ ಬಣ್ಣ ಹೊಡಿತೀನಿ" ಎಂದಳು. ಹೆಣ್ಣುಮಗಳಿಗೆ ಇದೆಲ್ಲ ಏಕೆ ಎಂದವರು ಹೊರಗಿನವರಲ್ಲ, ನನ್ನ ಸ್ವಂತ ಅಕ್ಕ.

ಬಣ್ಣದ ಅಂಗಡಿಯವನು ಅವಳಿಗೆ ಹೊಸ ಬಗೆಯ, ಎರಡು ಡಬ್ಬಿಗಳ ಬಣ್ಣವನ್ನು ತೋರಿಸಿದನು. ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಅದನ್ನು ಗಟ್ಟಿಗೊಳಿಸುವ ಹಾರ್ಡನರ್. ಕನ್ನಡಿಯಂತೆ ಹೊಳೆಯುತ್ತದೆ, ಪಾಲಿಶ್ ಬೇಕಿಲ್ಲ, ಪೆಟ್ರೋಲ್ ಬಿದ್ದರೂ ಕರಗುವುದಿಲ್ಲ ಎಂದನು. ಅವನ ಮಾತೆಲ್ಲವೂ ನಿಜವೇ. ಡಬ್ಬಿಗಳನ್ನು ತೆಗೆದುಕೊಳ್ಳುವ ಮೊದಲು ಒಬ್ಬ ಹಿರಿಯರನ್ನು ಕೇಳೋಣವೆಂದು ಅವಳನ್ನು ಹಳೇಹುಬ್ಬಳ್ಳಿಗೆ ಕರೆದುಕೊಂಡು ಹೋದೆನು.

ಆ ಹಿರಿಯರು ನಲವತ್ತು ವರ್ಷಕ್ಕೂ ಮೀರಿ ಕಾರುಗಳಿಗೆ ಬಣ್ಣ ಹೊಡೆದವರು. ನಮ್ಮ ಮನೆಯವರೆಲ್ಲ ಅವರನ್ನು ಚಾಚಾ ಎಂದೇ ಕರೆಯುವುದು. ಅವರು ಅಂಗಿಯ ಜೇಬಿನಿಂದ ಉಬ್ಬಸದ ಪಂಪನ್ನು ತೆಗೆದು ಒಮ್ಮೆ ಬಾಯೊಳಗೆ ಒತ್ತಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಮೇಲೆ ಮಾತಾಡಿದರು. "ಬೇಟಿ, ಹಾರ್ಡನರ್ ಹಾಕೋ ಬಣ್ಣ ಮನ್ಯಾಗ ಹೊಡೀಬ್ಯಾಡ. ಥಿನ್ನರ್ ವಾಸನಿ ಮೂಗಿಗೆ ಗೊತ್ತಾಗ್ತೈತಿ. ಇದರ ವಿಷ ಗೊತ್ತಾಗೂದಿಲ್ಲ. ನಾವು ಮಾರಿಗೆ ಕರ್ಚೀಪ್ ಕಟ್ಕೊಂಡು ಹೊಡದ್ವಿ, ಸಂಜಿಗೆ ಬೆಲ್ಲ ತಿಂದ್ವಿ. ನೋಡು ಈಗ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂತಹ ಹಾರ್ಡನರುಗಳಲ್ಲಿ ಐಸೊಸಯನೇಟ್ ಎಂಬ ಕುಲಕ್ಕೆ ಸೇರಿದ ರಾಸಾಯನಿಕಗಳಿರುತ್ತವೆ. ಬಣ್ಣ ಒಣಗಿ ಗಟ್ಟಿಯಾದ ಮೇಲೆ ಕಾರನ್ನು ಮುಟ್ಟುವುದರಿಂದ ಅಪಾಯವಿಲ್ಲ. ಸಿಂಪಡಿಸುವಾಗ ಏಳುವ ಮಂಜಿನಲ್ಲಿ ಅವು ಶ್ವಾಸಕೋಶವನ್ನು ಹೊಕ್ಕರೆ ಕೆಲವರ ದೇಹ ಅವುಗಳ ಮೇಲೆ ತಿರುಗಿಬೀಳುತ್ತದೆ. ಒಮ್ಮೆ ಹಾಗಾಯಿತೆಂದರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಬ್ಬಸವನ್ನು ಎಬ್ಬಿಸಬಲ್ಲದು. ಕೆಲಸದ ಹೊತ್ತಿನಲ್ಲಿ ಏನೂ ಅನಿಸದೆ ರಾತ್ರಿ ಮಲಗಿದ ಮೇಲೆ ಕೆಮ್ಮು, ಎದೆ ಬಿಗಿತ ಬರುವುದೂ ಉಂಟು. ಆದುದರಿಂದಲೇ ಬಹಳ ಮಂದಿ ಅದನ್ನು ಬಣ್ಣದ ಲೆಕ್ಕಕ್ಕೆ ಹಾಕದೆ ಶೀತವೆಂದೋ ಧೂಳೆಂದೋ ತಿಳಿದು ವರ್ಷಗಟ್ಟಲೆ ಕಳೆಯುತ್ತಾರೆ. ಬ್ರಿಟನ್ನಿನಲ್ಲಿ ಕೆಲಸದಿಂದ ಬರುವ ಉಬ್ಬಸದ ಮುಖ್ಯ ಕಾರಣಗಳಲ್ಲಿ ವಾಹನಗಳಿಗೆ ಈ ಬಣ್ಣ ಸಿಂಪಡಿಸುವುದೂ ಒಂದೆಂದು ಗುರುತಿಸಿದ್ದಾರೆ. 1984ರ ಡಿಸೆಂಬರ್ 2–3ರ ರಾತ್ರಿ ಭೋಪಾಲದಲ್ಲಿ ಸಾವಿರಾರು ಜನರ ಪ್ರಾಣ ತೆಗೆದ ಅನಿಲವೂ ಇದೇ ಕುಲದ್ದು, ಮೀಥೈಲ್ ಐಸೊಸಯನೇಟ್. ಹಾರ್ಡನರಿನಲ್ಲಿರುವುದು ಆ ಅನಿಲವಲ್ಲ, ಗಾಬರಿಪಡಬೇಕಿಲ್ಲ. ಆದರೆ ಕುಲ ಎಂತಹುದೆಂದು ತಿಳಿದಿರಲಿ.

ಬಾಯಿಗೆ ಕಟ್ಟುವ ಬಟ್ಟೆಯಾಗಲಿ, ಕೊರೊನಾ ಕಾಲದಲ್ಲಿ ನಾವೆಲ್ಲ ತೊಟ್ಟ ಮುಖಗವಸಾಗಲಿ ಇದಕ್ಕೆ ಏನೂ ಸಾಲದು. ಇದ್ದಿಲಿನ ಡಬ್ಬಿಗಳಿರುವ ಮುಖವಾಡವನ್ನೂ ಪೂರ್ತಿ ನಂಬುವಂತಿಲ್ಲ, ಏಕೆಂದರೆ ಇದ್ದಿಲು ತುಂಬಿ ವಿಷ ಒಳಬರತೊಡಗಿದರೂ ವಾಸನೆ ಎಚ್ಚರಿಸುವುದಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತಂದು ಕೊಡುವ ಮುಖವಾಡ, ಗಾಳಿಯನ್ನು ಹೊರಗೆಳೆಯುವ ಮುಚ್ಚಿದ ಕೋಣೆ ಇವೆರಡೂ ಇದ್ದಲ್ಲಿ ಮಾತ್ರ ಅದನ್ನು ಹೊಡೆಯತಕ್ಕದ್ದು. ಇನ್ನು ಬೆಲ್ಲ. ಧೂಳು, ಹೊಗೆಯ ಕೆಲಸ ಮಾಡುವವರು ಬೆಲ್ಲ ತಿಂದರೆ ಎದೆ ತೊಳೆಯುತ್ತದೆಂಬ ನಂಬಿಕೆ ನಮ್ಮ ನಾಡಿನಲ್ಲೆಲ್ಲ ಇದೆ. ತಿಂದ ಬೆಲ್ಲ ಹೋಗುವುದು ಹೊಟ್ಟೆಗೆ. ಎದೆಯ ಗೂಡಿಗೆ ಅದರ ದಾರಿಯೇ ಬೇರೆ.

ಮಗಳು ಎರಡು ಡಬ್ಬಿಗಳ ಆಸೆ ಬಿಟ್ಟಳು. ಚಾಚಾ ಸೂಚಿಸಿದ್ದು ಅವರ ಯೌವನಕಾಲದ ಬಣ್ಣ, ನೈಟ್ರೊಸೆಲ್ಯುಲೋಸ್ ಲ್ಯಾಕರ್. ಅಂಗಡಿಯಲ್ಲಿ ಎನ್‌ಸಿ ಎಂದರೆ ತಿಳಿಯುತ್ತದೆ. ನಮ್ಮ ಬಡಗಿಗಳೂ ಬಣ್ಣಗಾರರೂ ಇಂದಿಗೂ ಸಿಂಪಡಿಸಿದ ಬಣ್ಣಕ್ಕೆಲ್ಲ ಡ್ಯೂಕೊ ಎನ್ನುತ್ತಾರಲ್ಲ, ಆ ಹೆಸರು ಬಂದಿರುವುದು ಅಮೆರಿಕದಲ್ಲಿ ಡ್ಯೂಪಾಂಟ್ ಕಂಪನಿ 1920ರ ದಶಕದಲ್ಲಿ ಹೊರತಂದ ಇದೇ ಬಗೆಯ ಲ್ಯಾಕರಿನಿಂದ. ಅದಕ್ಕೆ ಮೊದಲು ಕಾರಿಗೆ ಕುಂಚದಿಂದ ಬಳಿದ ಎಣ್ಣೆವಾರ್ನಿಶ್ ಪದರಗಳು ಒಣಗಲು ವಾರಗಳೇ ಹಿಡಿಯುತ್ತಿದ್ದವು. ಲ್ಯಾಕರ್ ಬಂದ ಮೇಲೆ ಅದು ಗಂಟೆಗಳ ಮಾತಾಯಿತು. ಮನೆಯಲ್ಲಿ ಕೆಲಸ ಮಾಡುವವರಿಗೂ ಅದರ ದೊಡ್ಡ ಗುಣ ಇದೇ. ಎನಾಮಲ್ ಬಣ್ಣ ಗಂಟೆಗಟ್ಟಲೆ ಜಿಗುಟಾಗಿದ್ದು ಓಣಿಯ ಧೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಲ್ಯಾಕರ್ ಕೆಲವೇ ನಿಮಿಷಗಳಲ್ಲಿ ಮೇಲ್ಮೈ ಒಣಗಿಸಿಕೊಳ್ಳುತ್ತದೆ. ತಪ್ಪಾದರೆ ಉಜ್ಜಿ ಮತ್ತೆ ಹೊಡೆಯಬಹುದು. ದೋಷಗಳೂ ಇವೆ. ತಾನಾಗಿ ಹೊಳೆಯುವುದಿಲ್ಲ, ಉಜ್ಜಿ ಉಜ್ಜಿ ಹೊಳಪು ತರಬೇಕು. ಪೆಟ್ರೋಲ್ ಬಿದ್ದಲ್ಲಿ ಮಂಕಾಗುತ್ತದೆ. ಬಿಸಿಲಿಗೆ ಬೇಗ ಸೊರಗುತ್ತದೆ. ಇದಕ್ಕೂ ಇದ್ದಿಲಿನ ಜೋಡಿ ಡಬ್ಬಿಯ ಮುಖವಾಡ ಬೇಕೇ ಬೇಕು, ಏಕೆಂದರೆ ಥಿನ್ನರಿನ ಆವಿಯೂ ತಲೆಗೆ, ಯಕೃತ್ತಿಗೆ ಒಳ್ಳೆಯದಲ್ಲ. ನಾವು ಅಂತಹ ಎರಡು ಮುಖವಾಡಗಳನ್ನು ಕೊಂಡೆವು.

ಬಣ್ಣ ತಂದ ದಿನವೇ ಹೊಡೆಯಬಹುದೆಂಬ ಭ್ರಮೆ ನನಗಿತ್ತು. ಚಾಚಾ ಒಂದು ಚಿಂದಿಯನ್ನು ಥಿನ್ನರಿನಲ್ಲಿ ಅದ್ದಿ ಎಡಬಾಗಿಲಿನ ಒಳ ಅಂಚಿನಲ್ಲಿ ಒತ್ತಿ ಹಿಡಿದರು. ಎರಡು ನಿಮಿಷದಲ್ಲಿ ಅಲ್ಲಿನ ಬಣ್ಣ ಸುಟ್ಟ ಹಪ್ಪಳದಂತೆ ಸುರುಟಿಕೊಂಡಿತು. 1998ರಲ್ಲಿ ಬೇರೆ ಊರಿನ ಒಂದು ಗ್ಯಾರೇಜಿನಲ್ಲಿ ಕಾರಿಗೆ ಮರುಬಣ್ಣ ಮಾಡಿಸಿದ್ದೆವು. ಹೇಳಿದ್ದು ಒಂದು, ಹೊಡೆದದ್ದು ಮನೆಯ ಕಿಟಕಿಗೆ ಬಳಿಯುವಂತಹ ಸಿಂಥೆಟಿಕ್ ಎನಾಮಲ್. ಹಳೆಯ ಬಣ್ಣ ಥಿನ್ನರಿಗೆ ಕರಗಿ ಚಿಂದಿಗೆ ಹತ್ತಿದರೆ ಅದು ಲ್ಯಾಕರ್, ಸುರುಟಿದರೆ ಎನಾಮಲ್, ಏನೂ ಆಗದಿದ್ದರೆ ಗಟ್ಟಿ ಬಣ್ಣ. ಎನಾಮಲಿನ ಮೇಲೆ ಲ್ಯಾಕರ್ ಹೊಡೆದರೆ ಥಿನ್ನರ್ ಒಳಗಿಳಿದು ಕೆಳಗಿನ ಪದರವನ್ನೇ ಎಬ್ಬಿಸಿಬಿಡುತ್ತದೆ. ಆದುದರಿಂದ ಇಡೀ ಕಾರಿನ ಎನಾಮಲನ್ನು ತೆಗೆಯಬೇಕಾಯಿತು. ಈ ಒಂದು ಪರೀಕ್ಷೆಯನ್ನು ಮಾಡದೆ ಯಾರೂ ಡಬ್ಬಿಯ ಮುಚ್ಚಳ ತೆಗೆಯಬಾರದು.

ತೆಗೆಯುವಾಗ ಒಂದು ಎಚ್ಚರ. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಂಭವ ಹೆಚ್ಚು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಪಾಲನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದುದೇ 2017ರ ನವೆಂಬರ್ 1ರಿಂದ. ಸೀಸದ ಧೂಳು ಚಿಕ್ಕ ಮಕ್ಕಳ ಬುದ್ಧಿಯ ಬೆಳವಣಿಗೆಗೆ ಕೇಡು ಮಾಡುತ್ತದೆ. ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜದೆ, ವಾಟರ್ ಪೇಪರನ್ನು ನೀರಿನಲ್ಲಿ ನೆನೆಸಿ ಉಜ್ಜಬೇಕು. ಕೆಳಗೆ ಪ್ಲಾಸ್ಟಿಕ್ ಹಾಸಿ ಕೆಸರನ್ನು ಒಟ್ಟುಮಾಡಬೇಕು. ಆ ಬಟ್ಟೆಗಳನ್ನು ಮಕ್ಕಳ ಬಟ್ಟೆಗಳೊಡನೆ ಒಗೆಯಬಾರದು. ಪಕ್ಕದ ಮನೆಯ ಮೊಮ್ಮಗುವೊಂದು ದಿನವೂ ನೋಡಲು ಬರುತ್ತಿದ್ದನು. ಅವನಿಗೆ ಜಗುಲಿಯ ಮೇಲೆ ಒಂದು ಕುರ್ಚಿ ಹಾಕಿ ಗಡಿ ಗೀರಿದೆವು.

ಉಜ್ಜುವುದರಲ್ಲಿಯೇ ಸಂಕ್ರಾಂತಿ ಕಳೆಯಿತು. ಬಾಗಿಲುಗಳ ಕೆಳಅಂಚು, ಚಕ್ರದ ಮೇಲಿನ ಕಮಾನು ಇಲ್ಲೆಲ್ಲ ತುಕ್ಕು ಹಿಡಿದು ತಗಡು ಜರಡಿಯಾಗಿತ್ತು. ಅದನ್ನು ಪುಟ್ಟಿ ತುಂಬಿ ಮುಚ್ಚಿದರೆ ಒಂದೇ ಮಳೆಗಾಲದಲ್ಲಿ ಮತ್ತೆ ಹೊರಬರುತ್ತದೆ. ತೂತು ಬಿದ್ದ ಕಡೆ ಕತ್ತರಿಸಿ ಹೊಸ ತಗಡು ಬೆಸೆಯುವುದು ಟಿಂಕರಿಂಗ್ ಕೆಲಸದವರದು. ಅದನ್ನು ಅವರಿಂದಲೇ ಮಾಡಿಸಿದೆವು. ಮೇಲ್ತುಕ್ಕನ್ನು ಮಾತ್ರ ಬಿಳಿ ಲೋಹ ಕಾಣುವವರೆಗೆ ಉಜ್ಜಿ, ಒರೆಸಿ, ಒಣಗಿಸಿ, ಅದೇ ದಿನ ಪ್ರೈಮರ್ ಹೊಡೆದೆವು. ಬರಿ ತಗಡನ್ನು ಒಂದು ರಾತ್ರಿ ಇಬ್ಬನಿಗೆ ಬಿಟ್ಟರೂ ಬೆಳಗಾಗುವಷ್ಟರಲ್ಲಿ ಕೆಂಪಾಗಿರುತ್ತದೆ.

ಪುಟ್ಟಿಯ ಕೆಲಸ ಅಡುಗೆಯ ಹದದಂತೆ. ಹಾರ್ಡನರಿನ ಪಾಲು ನೂರಕ್ಕೆ ಎರಡರಷ್ಟು ಮಾತ್ರ. ಹೆಚ್ಚಾದರೆ ತಟ್ಟೆಯಲ್ಲಿಯೇ ಕಲ್ಲಾಗುತ್ತದೆ, ಕಡಿಮೆಯಾದರೆ ವಾರವಾದರೂ ಮೆತ್ತಗೇ ಇರುತ್ತದೆ. (ಇದು ಪುಟ್ಟಿಯ ಹಾರ್ಡನರ್, ಮೇಲೆ ಹೇಳಿದ ಬಣ್ಣದ ಹಾರ್ಡನರಿಗೂ ಇದಕ್ಕೂ ಸಂಬಂಧವಿಲ್ಲ.) ಪುಟ್ಟಿ ನೀರು ಕುಡಿಯುವ ವಸ್ತುವಾದುದರಿಂದ ಅದನ್ನು ಮಾತ್ರ ಧೂಳಿನ ಮುಖಗವಸು ತೊಟ್ಟು ಒಣಗಿದಂತೆಯೇ ಉಜ್ಜಬೇಕು. 80ನೆಯ ನಂಬರಿನ ಕಾಗದದಿಂದ ಆರಂಭಿಸಿ 180, 320 ಎಂದು ನಯದತ್ತ ಸಾಗಬೇಕು. ಕಾಗದವನ್ನು ಬೆರಳುಗಳಿಂದ ಒತ್ತಿದರೆ ಬೆರಳಿನ ಗುರುತಿನ ತಗ್ಗುಗಳೇ ಬೀಳುತ್ತವೆ. ಸಪಾಟಾದ ಮರದ ತುಂಡಿಗೆ ಸುತ್ತಿ ಉಜ್ಜಬೇಕು.

ಮೇಲ್ಮೈ ಸಮವಾಗಿದೆಯೇ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಚಾಚಾ ಅಂಗೈಯ ಕೆಳಗೆ ತೆಳ್ಳನೆಯ ಬಟ್ಟೆಯೊಂದನ್ನಿಟ್ಟು, ಕಣ್ಣು ಮುಚ್ಚಿ, ಕೈಯನ್ನು ಬಾಗಿಲಿನುದ್ದಕ್ಕೂ ಮೆಲ್ಲನೆ ಸರಿಸಿ, "ಇಲ್ಲಿ" ಎನ್ನುತ್ತಿದ್ದರು. ನಾವು ನೋಡಿದರೆ ಅಲ್ಲೇನೂ ಕಾಣದು. ನಮ್ಮಂತಹ ಕಲಿಯುವವರಿಗೆ ಅವರು ಇನ್ನೊಂದು ಉಪಾಯ ತೋರಿಸಿದರು. ಬೂದು ಪ್ರೈಮರ್ ಒಣಗಿದ ಮೇಲೆ ಅದರ ಮೇಲೆ ಕಪ್ಪು ಬಣ್ಣವನ್ನು ತೀರಾ ತೆಳುವಾಗಿ, ಅಲ್ಲಲ್ಲಿ ಚುಕ್ಕೆ ಬಿದ್ದಂತೆ, ಸಿಂಪಡಿಸುವುದು. ಆ ಮೇಲೆ 400ನೆಯ ಕಾಗದವನ್ನು ಮರದ ತುಂಡಿಗೆ ಸುತ್ತಿ ನೀರು ಹಾಕಿ ಉಜ್ಜುವುದು. ಉಬ್ಬಿದಲ್ಲಿ ಕಪ್ಪು ಮೊದಲೇ ಹೋಗಿ ತಗಡು ಕಾಣತೊಡಗುತ್ತದೆ. ತಗ್ಗಿದ್ದಲ್ಲಿ ಕಪ್ಪು ಹಾಗೆಯೇ ಉಳಿಯುತ್ತದೆ. ನನ್ನ ಕೆಲಸ ಚೆನ್ನಾಗಿದೆಯೆಂದು ಮೂರು ದಿನ ನಾನು ಹೆಮ್ಮೆಪಟ್ಟಿದ್ದ ಬಾಗಿಲಿನ ಮೇಲೆ ಕಪ್ಪು ಚುಕ್ಕೆಗಳ ಹನ್ನೊಂದು ದ್ವೀಪಗಳು ಉಳಿದವು. ಮತ್ತೆ ಪುಟ್ಟಿ, ಮತ್ತೆ ಉಜ್ಜು. ಕಾರಿನ ಬಣ್ಣದ ಕೆಲಸದಲ್ಲಿ ಬಣ್ಣ ಹೊಡೆಯುವುದು ಕೊನೆಯ ಎರಡು ಬೆಳಗುಗಳದು ಮಾತ್ರ. ಉಳಿದ ನಲವತ್ತು ದಿನ ಉಜ್ಜುವುದೇ.

ಗಾಜು, ದೀಪ, ಹಿಡಿಕೆಗಳನ್ನು ಬಿಚ್ಚಬಹುದಾದಲ್ಲಿ ಬಿಚ್ಚಿ, ಆಗದಲ್ಲಿ ಹಳೆಯ ಪತ್ರಿಕೆ ಮತ್ತು ಮಾಸ್ಕಿಂಗ್ ಟೇಪಿನಿಂದ ಮುಚ್ಚಬೇಕು. ಆ ಟೇಪು ಹುಟ್ಟಿದ್ದೇ ಕಾರಿಗಾಗಿ. ಎರಡು ಬಣ್ಣದ ಕಾರುಗಳ ಗೀಟು ನೇರವಾಗಿ ಬಾರದೆ ಬೇಸತ್ತಿದ್ದ ಬಣ್ಣಗಾರರನ್ನು ಕಂಡು ಅಮೆರಿಕದ ರಿಚರ್ಡ್ ಡ್ರೂ ಎಂಬುವರು 1925ರಲ್ಲಿ ಅದನ್ನು ರೂಪಿಸಿದರು.

ಸ್ಥಳ ಮತ್ತು ಕಾಲ. ನಮ್ಮ ಕಡೆ ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ಕಾಲ ಇದಕ್ಕೆ ಹೇಳಿಮಾಡಿಸಿದ್ದು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಗಾಳಿ ಏಳುವ ಮೊದಲು, ಅಂದರೆ ಸುಮಾರು ಒಂಬತ್ತರಿಂದ ಹನ್ನೊಂದರವರೆಗೆ. ಆಷಾಢದ ಗಾಳಿಯಲ್ಲಂತೂ ಬೇಡವೇ ಬೇಡ. ಮಳೆಗಾಲದಲ್ಲಿ ಲ್ಯಾಕರ್ ಹೊಡೆದರೆ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕುಳಿತು, ಹಾಲು ಚೆಲ್ಲಿದಂತೆ ಬಿಳಿ ಮಬ್ಬು ಕವಿಯುತ್ತದೆ. ಹೊಡೆಯುವ ಮೊದಲು ಅಂಗಳಕ್ಕೆಲ್ಲ ನೀರು ಚಿಮುಕಿಸಿದರೆ ಧೂಳು ಕೂರುತ್ತದೆ. ಅಕ್ಕಪಕ್ಕದವರಿಗೆ ಹಿಂದಿನ ದಿನವೇ ಹೇಳಿಬರಬೇಕು. ಒಣಗಲು ಹಾಕಿದ ಸೀರೆಗಳು, ಸಂಡಿಗೆ, ಬೈಕುಗಳು ಒಳಗೆ ಹೋಗಬೇಕು. ಬಣ್ಣದ ಮಂಜು ನಾವೆಣಿಸಿದ್ದಕ್ಕಿಂತ ದೂರ ಹಾರುತ್ತದೆ.

ಬೆಂಕಿಯ ಮಾತನ್ನು ತಾಯಂದಿರಿಗಾಗಿಯೇ ಬೇರೆಯಾಗಿ ಹೇಳುತ್ತೇನೆ. ಥಿನ್ನರಿನ ಆವಿ ಗಾಳಿಗಿಂತ ಭಾರ. ಅದು ನೆಲದುದ್ದಕ್ಕೂ ನೀರಿನಂತೆ ಹರಿದು ಹೊಸ್ತಿಲು ದಾಟಿ ಒಳಗೆ ಬರುತ್ತದೆ. ಪೂಜೆಯ ಕೋಣೆಯ ನಂದಾದೀಪ, ಊದಿನಕಡ್ಡಿ, ಗ್ಯಾಸಿನ ಒಲೆ, ಬಚ್ಚಲಿನ ಹಂಡೆಯ ಬೆಂಕಿ ಇವು ಯಾವುವೂ ಆ ಹೊತ್ತಿನಲ್ಲಿ ಉರಿಯುತ್ತಿರಬಾರದು. ನಮ್ಮ ತಾಯಿಯವರು ಲಿಂಗಪೂಜೆಯನ್ನು ನಸುಕಿನಲ್ಲಿಯೇ ಮುಗಿಸಿ, ದೀಪವನ್ನು ಶಾಂತಗೊಳಿಸಿ, ಅಡುಗೆಮನೆಗೆ ಬೀಗ ಹಾಕಿ, ಆ ಎರಡು ದಿನ ನಮ್ಮ ಅಕ್ಕನ ಮನೆಯಲ್ಲಿ ಪ್ರಸಾದ ಸ್ವೀಕರಿಸಿದರು. ಮುಚ್ಚಿದ ಷೆಡ್ಡಿನಲ್ಲಿ ಹೊಡೆಯುವುದಕ್ಕಿಂತ ಮೂರು ಕಡೆ ತೆರೆದ ಚಪ್ಪರ ಮೇಲು. ಕಂಪ್ರೆಸರಿನ ಮೋಟಾರಿನಲ್ಲಿ ಕಿಡಿ ಹಾರುತ್ತದೆ, ಅದನ್ನು ಉದ್ದ ಕೊಳವೆಯಿಂದ ದೂರದಲ್ಲಿಡಬೇಕು.

ಕಂಪ್ರೆಸರನ್ನು ನಾವು ಬಾಡಿಗೆಗೆ ತಂದೆವು. ಒಂದು ಅಶ್ವಶಕ್ತಿಯ ಸಣ್ಣ ಯಂತ್ರ ನಿಮಿಷಕ್ಕೆ 4 ಘನ ಅಡಿಯ ಆಸುಪಾಸು ಗಾಳಿ ಕೊಡುತ್ತದೆ. ಸ್ಪ್ರೇ ಗನ್ ಕೇಳುವುದು ಅದರ ಎರಡರಷ್ಟು. ಆದುದರಿಂದ ಇಡೀ ಕಾರನ್ನು ಒಂದೇ ಓಟದಲ್ಲಿ ಹೊಡೆಯದೆ ಒಂದೊಂದು ಭಾಗ ಮುಗಿಸಿ, ಟ್ಯಾಂಕು ತುಂಬುವವರೆಗೆ ನಿಲ್ಲಬೇಕಾಯಿತು. ಟ್ಯಾಂಕಿನ ತಳದಲ್ಲಿ ನೀರು ಸೇರುತ್ತದೆ, ಅದನ್ನು ದಿನವೂ ಬಿಡಬೇಕು. ಇಲ್ಲವಾದರೆ ಬಣ್ಣದೊಡನೆ ನೀರಿನ ಹನಿಗಳು ಹಾರಿ ಬರುತ್ತವೆ. ಗನ್ನಿನ ಮೂತಿ ಪ್ರೈಮರಿಗೆ 1.6ರಿಂದ 1.8 ಮಿಲಿಮೀಟರ್, ಬಣ್ಣಕ್ಕೆ 1.3 ಅಥವಾ 1.4. ಗಾಳಿಯ ಒತ್ತಡ ಗನ್ನಿನ ಬಳಿ 30ರಿಂದ 40 ಪೌಂಡು. ಒಂದು ಪಾಲು ಲ್ಯಾಕರಿಗೆ ಒಂದರಿಂದ ಒಂದೂವರೆ ಪಾಲು ಥಿನ್ನರ್; ಡಬ್ಬಿಯ ಮೇಲೆ ಬರೆದ ಅಳತೆ ಬೇರೆಯಿದ್ದರೆ ಅದೇ ಸರಿ. ಈ ಗನ್ನಿನ ಪೂರ್ವಿಕನ ವಿಷಯ ಕೇಳಿದರೆ ನೀವು ನಕ್ಕೀರಿ. ಅಮೆರಿಕದ ಟೊಲಿಡೊ ನಗರದ ಡಾ. ಡಿವಿಲ್ಬಿಸ್ ಎಂಬ ವೈದ್ಯರು 1880ರ ದಶಕದಲ್ಲಿ ರೋಗಿಗಳ ಗಂಟಲಿಗೆ ಔಷಧಿ ಸಿಂಪಡಿಸಲು ಒಂದು ಉಪಕರಣ ಮಾಡಿದರು. ಅವರ ಮಗ ಅದೇ ತತ್ತ್ವವನ್ನು ಬಣ್ಣಕ್ಕೆ ಹೊಂದಿಸಿದನು. ಚಾಚಾ ಅವರ ಕೈಯ ಗನ್ನೂ ಜೇಬಿನ ಪಂಪೂ ಒಂದೇ ವಂಶದವು.

ಗನ್ ಹಿಡಿಯುವುದನ್ನು ಕಾರಿನ ಮೇಲೆ ಕಲಿಯಬಾರದು. ಗುಜರಿಯಿಂದ ಒಂದು ಹಳೆಯ ಬಾಗಿಲನ್ನು ತಂದು ಗೋಡೆಗೊರಗಿಸಿ, ಮೊದಲ ಎರಡು ದಿನ ಗನ್ನಿನಲ್ಲಿ ಬರಿಯ ನೀರು ತುಂಬಿಸಿ ಅಭ್ಯಾಸ ಮಾಡಿಸಿದರು. ಮಗಳಿಗೆ ರಂಗೋಲಿಯ ಕೈ ಚೆನ್ನಾಗಿದೆ, ಆ ಕೈಯೇ ಇಲ್ಲಿ ಅಡ್ಡಿಯಾಯಿತು. ರಂಗೋಲಿಯಲ್ಲಿ ಮಣಿಕಟ್ಟು ತಿರುಗಬೇಕು. ಗನ್ ಹಿಡಿದಾಗ ಮಣಿಕಟ್ಟು ತಿರುಗಿದರೆ ನಡುವೆ ದಪ್ಪ, ತುದಿಗಳಲ್ಲಿ ತೆಳುವಾಗಿ ಬಣ್ಣ ಬೀಳುತ್ತದೆ. "ಕೈ ಅಲ್ಲ ಬೇಟಿ, ಮೈ ನಡೀಬೇಕು" ಎಂದು ಚಾಚಾ ಜಗುಲಿಯಿಂದ ಕೂಗುತ್ತಿದ್ದರು. ತಗಡಿನಿಂದ ಗೇಣಿಗಿಂತ ತುಸು ಕಡಿಮೆ ದೂರ. ಗನ್ನು ಸದಾ ತಗಡಿಗೆ ನೆಟ್ಟಗೆ. ಅಂಚಿನಾಚೆಯೇ ಗುಂಡಿ ಒತ್ತಿ, ಅಂಚು ದಾಟಿದ ಮೇಲೆ ಬಿಡಬೇಕು. ಪ್ರತಿ ಓಟವೂ ಹಿಂದಿನದರ ಅರ್ಧವನ್ನು ಮುಚ್ಚಬೇಕು. ಮೂರನೆಯ ದಿನ ನೀರಿನ ಬದಲು ಬಣ್ಣ ಬಂತು. ಐದನೆಯ ದಿನ ಅವರು ಕೂಗುವುದನ್ನು ನಿಲ್ಲಿಸಿದರು.

ಕಾರಿನ ಮೇಲೆ ಆದ ತಪ್ಪುಗಳನ್ನೂ ಹೇಳಬೇಕಲ್ಲವೇ? ಛಾವಣಿಯ ಮೇಲೆ ಮೊದಲ ಪದರ ಬೀಳುತ್ತಲೇ ಬಣ್ಣ ಅಲ್ಲಲ್ಲಿ ಹಿಂದೆ ಸರಿದು ಮೀನಿನ ಕಣ್ಣಿನಂತಹ ಗುಂಡನೆಯ ತೂತುಗಳಾದವು. ಎಣ್ಣೆಯ ಅಂಶವಿದ್ದಲ್ಲಿ ಹೀಗಾಗುತ್ತದೆ. ಹಿಂದಿನ ಸಂಜೆ ನಾನೇ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಅದೇ ಕೈಯಿಂದ ಛಾವಣಿಯನ್ನು ಸವರಿ ಮೆಚ್ಚಿದ್ದೆನು. ಬಾನೆಟ್ಟಿನ ಮೇಲೆ ಬಾಗಿ ನೋಡುವಾಗ ಹಣೆಯ ವಿಭೂತಿ ಬೆವರಿನೊಡನೆ ಇಳಿದು ಹಸಿ ಬಣ್ಣದ ಮೇಲೆ ಎರಡು ಹನಿ ಬಿದ್ದಿತು. ಮಗಳು ಏನೂ ಅನ್ನಲಿಲ್ಲ, ನನ್ನನ್ನು ಕುರ್ಚಿಯ ಹುಡುಗನ ಪಕ್ಕದಲ್ಲಿ ಕೂರಿಸಿದಳು. ಅವಳಿಂದಾದ ತಪ್ಪು ಒಂದೇ. ಹಿಂದಿನ ಎಡ ಮೂಲೆಯಲ್ಲಿ ಕೈ ಒಂದು ಕ್ಷಣ ನಿಂತಿತು. ಬಣ್ಣ ಕಣ್ಣೀರಿನಂತೆ ಕೆಳಗಿಳಿಯಿತು. ಹಸಿಯಿದ್ದಾಗ ಒರೆಸಲು ಹೋಗಬಾರದು. ಚೆನ್ನಾಗಿ ಒಣಗಲು ಬಿಟ್ಟು, ಮರದ ತುಂಡಿಗೆ ಸುತ್ತಿದ ಕಾಗದದಿಂದ ಸಮಮಾಡಿ, ಮತ್ತೆ ಹೊಡೆಯಬೇಕು.

ಒಟ್ಟು ಆರು ತೆಳು ಪದರಗಳು, ಒಂದೊಂದರ ನಡುವೆ ಹತ್ತು ಹದಿನೈದು ನಿಮಿಷಗಳ ಬಿಡುವು. ಎರಡು ವಾರ ಬಿಟ್ಟು 1200, 1500, 2000ನೆಯ ವಾಟರ್ ಪೇಪರಿನಿಂದ ಸೋಪಿನ ನೀರು ಹಾಕಿ ಉಜ್ಜಿ, ರಬ್ಬಿಂಗ್ ಕಾಂಪೌಂಡ್ ಹಚ್ಚಿ ತಿಕ್ಕಿದಾಗ ಹೊಳಪು ಒಳಗಿನಿಂದ ಬಂತು. ಏಣುಗಳ ಮೇಲೆ ಹೆಚ್ಚು ತಿಕ್ಕಬಾರದು, ಪ್ರೈಮರ್ ಹೊರಬರುತ್ತದೆ. ನಮ್ಮದು ಎರಡು ಕಡೆ ಹೊರಬಂದಿತು.

ಬಣ್ಣವನ್ನು ಬೇಕಾದಷ್ಟೇ ಕಲಸಿ. ಹೆಚ್ಚು ಅಕ್ಕಿ ತಂದ ಮಾರಯ್ಯನವರನ್ನು ಆಯ್ದಕ್ಕಿ ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದ ಕಥೆ ನಿಮಗೆ ಗೊತ್ತೇ ಇದೆ; ಅಂಗಡಿಯವನು ನಾಲ್ಕು ಲೀಟರ್ ಎಂದನು, ನಮಗೆ ಎರಡೂವರೆ ಸಾಕಾಯಿತು, ತೆರೆಯದ ಡಬ್ಬಿಯನ್ನು ಹಿಂದಿರುಗಿಸಿದೆವು. ಗನ್ ತೊಳೆದ ಥಿನ್ನರನ್ನು ಚರಂಡಿಗೆ ಸುರಿಯಬೇಡಿ. ಮುಚ್ಚಿದ ಡಬ್ಬಿಯಲ್ಲಿಟ್ಟರೆ ಬಣ್ಣ ತಳಕ್ಕಿಳಿಯುತ್ತದೆ, ಮೇಲಿನ ತಿಳಿ ಮುಂದಿನ ಬಾರಿ ತೊಳೆಯಲು ಬರುತ್ತದೆ. ಇನ್ನೊಂದು ವಿಷಯ. ನೋಂದಣಿ ಪತ್ರದಲ್ಲಿ ಕಾರಿನ ಬಣ್ಣವೂ ದಾಖಲಾಗಿರುತ್ತದೆ. ಇದ್ದ ಬಣ್ಣವನ್ನೇ ಹಚ್ಚಿದರೆ ತೊಂದರೆಯಿಲ್ಲ. ಬೇರೆ ಬಣ್ಣ ಬೇಕೆಂದರೆ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿ. ನಾವು ತಂದೆಯವರು ಆರಿಸಿದ್ದ ಕೆನೆಬಣ್ಣವನ್ನೇ ಉಳಿಸಿಕೊಂಡೆವು.

ರಾಣೆಬೆನ್ನೂರಿನ ಸಹೋದರರಿಗೆ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಗ್ಯಾರೇಜಿನವರು ಕೇಳಿದ್ದರ ಮೂರನೆಯ ಒಂದು ಪಾಲಿನಲ್ಲಿ ನಮ್ಮ ಕೆಲಸ ಮುಗಿಯಿತು, ಟಿಂಕರಿಂಗ್ ಸೇರಿ. ಆದರೆ ನಮ್ಮಿಬ್ಬರ ಎರಡು ತಿಂಗಳ ದುಡಿಮೆಗೆ ಕೂಲಿ ಹಚ್ಚಿದರೆ ಗ್ಯಾರೇಜೇ ಅಗ್ಗ. ದಿನವೂ ಓಡಾಡುವ ಹೊಸ ಕಾರಿಗೆ, ಲೋಹದ ಮಿನುಗಿರುವ ಬಣ್ಣಕ್ಕೆ ನಾನು ಇದನ್ನು ಹೇಳುವುದಿಲ್ಲ. ಒಂದು ಬಂಪರ್, ಒಂದು ಕನ್ನಡಿಯ ಕವಚ ಇಷ್ಟೇ ಆಗಿದ್ದರೆ ಅಂಗಡಿಯಲ್ಲಿ ಸಿಗುವ ಸ್ಪ್ರೇ ಡಬ್ಬಿಯೇ ಸಾಕು.

2024ರ ಶಿವರಾತ್ರಿಯ ಮರುವಾರ ಚಾಚಾ ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದರು. ಕಣ್ಣು ಮುಚ್ಚಿ ಕೈ ಸವರಿದರು. ಡಿಕ್ಕಿಯ ಮುಚ್ಚಳದ ಬಳಿ ನಿಂತು "ಇಲ್ಲಿ" ಎಂದರು. ತಾಯಿಯವರು ಕೊಟ್ಟ ಚಹಾ ಕುಡಿದು ಮೇಲೇಳುವಾಗ, ಮೊಳೆಗೆ ತೂಗುಹಾಕಿದ್ದ ಮುಖವಾಡಗಳನ್ನು ನೋಡಿ, "ಮಾಸ್ತರ್ರ, ಇವು ನಿಮಗ ಇನ್ನ ಬೇಕೇನ್ರಿ?" ಎಂದು ಕೇಳಿದರು. ಅವರ ತಂಗಿಯ ಮಗ ಬೇರೊಂದು ಗ್ಯಾರೇಜಿನಲ್ಲಿ ಬಣ್ಣದ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಆ ಹುಡುಗನೂ ಕರ್ಚೀಪನ್ನೇ ಕಟ್ಟಿಕೊಳ್ಳುತ್ತಿದ್ದನಂತೆ. ಮಗಳು ಎರಡನ್ನೂ ಇಳಿಸಿ, ಇದ್ದಿಲಿನ ಡಬ್ಬಿಗಳನ್ನು ಬದಲಿಸಿ, ಅವುಗಳ ಮೇಲೆ ತಾರೀಖು ಬರೆದು, ಹಾರ್ಡನರ್ ಬಣ್ಣಕ್ಕೆ ಇದೂ ಸಾಲದು, ಗಾಳಿಯ ಕೊಳವೆಯಿರುವ ಮುಖವಾಡವನ್ನು ಮಾಲೀಕರಿಂದ ಕೇಳಿ ಪಡೆಯತಕ್ಕದ್ದೆಂದು ಒಂದು ಚೀಟಿಯನ್ನೂ ಇಟ್ಟು ಕೊಟ್ಟಳು. ಡಿಕ್ಕಿಯ ಮುಚ್ಚಳವನ್ನು ಬರುವ ಸಂಕ್ರಾಂತಿಗೆ ನೋಡೋಣವೆಂದು ಬಿಟ್ಟಿದ್ದೇವೆ.